ಎರರ್ ಪುಟದಲ್ಲಿ ಬಂದ ಸಾಲು

ಇದನ್ನು ನಂಬಿಸುವಷ್ಟು ತ್ರಾಣ ನನಗಿಲ್ಲ, ನಡೆದದ್ದನ್ನು ಹೇಳುತ್ತೇನೆ.

ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲೊಂದರ ಆರ್ಡರ್ ವೆಬ್‌ಸೈಟ್ ನೋಡಿಕೊಳ್ಳುವವನು ನಾನು. ಸೈಟ್ ಕೆಟ್ಟಾಗ ಗಿರಾಕಿಗಳ ಮೊಬೈಲಿನಲ್ಲಿ ಕೋಡಿನ ರಾಶಿ ಬೀಳುತ್ತಿತ್ತು. ಅದು ನನ್ನ ಲ್ಯಾಪ್‌ಟಾಪಿನಲ್ಲಷ್ಟೇ ಕಾಣಲಿ, ಅವರಿಗೊಂದು ಒಳ್ಳೆಯ ಮಾತಿರಲಿ ಎಂದುಕೊಂಡೆ. ನಲವತ್ತು ವರ್ಷ ಅಲ್ಲೇ ಬಡಿಸಿದ ಕೊರಗಣ್ಣನನ್ನು, ಇಡ್ಲಿ ಮುಗಿದರೆ ಏನು ಹೇಳುತ್ತೀರಿ ಎಂದು ಕೇಳಿದೆ.

“ಇವತ್ತು ಮುಗೀತು ಮಾರಾಯ್ರೆ, ನಾಳೆ ಬನ್ನಿ ಅಂತ ಹೇಳ್ತೇನೆ. ತುಂಬಾ ಹಸಿದವರು ಅಂತ ಕಂಡ್ರೆ, ಸ್ವಲ್ಪ ಕೂತ್ಕೊಳ್ಳಿ, ತರ್ತೇನೆ ಅಂತೇನೆ.”

ಮೊದಲನೆಯದನ್ನಷ್ಟೇ, ಸೈಟ್ ಕೆಟ್ಟಾಗ ಗಿರಾಕಿಗಳಿಗೆ ಕಾಣುವ ಎರರ್ ಪುಟದಲ್ಲಿ ಹಾಕಿದೆ. ಆ ಮಳೆಗಾಲದಲ್ಲಿ ಕೊರಗಣ್ಣ ತೀರಿಕೊಂಡರು.

ಕಳೆದ ರವಿವಾರ ಹೋಟೆಲಿಗೆ ರಜೆ. ಭಾಂಡುಪಿನಿಂದ ಲೋಕಲ್‌ನಲ್ಲಿ ನಿಂತೇ ಬಂದವನು, ಮಧ್ಯಾಹ್ನವಾದರೂ ಏನೂ ತಿನ್ನದೆ, ಮಾಳಿಗೆಯ ಆಫೀಸಿನಲ್ಲಿ ಒಬ್ಬನೇ ಕೂತಿದ್ದೆ. ಪರೀಕ್ಷೆಗೆಂದು ಬೇಕಂತಲೇ ಸೈಟ್ ಕೆಡಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಕೋಡ್ ಬರಬೇಕಿತ್ತು. ಬಂದದ್ದು ಒಂದೇ ಸಾಲು: ಸ್ವಲ್ಪ ಕೂತ್ಕೊಳ್ಳಿ, ತರ್ತೇನೆ.

ಎಲ್ಲ ಫೈಲುಗಳಲ್ಲಿ ಹುಡುಕಿದೆ. ಆ ಸಾಲು ಎಲ್ಲಿಯೂ ಇರಲಿಲ್ಲ. ಕೆಳಗೆ ಒದ್ದೆ ನೆಲದ ಮೇಲೆ ರಬ್ಬರ್ ಚಪ್ಪಲಿ ಎಳೆದಂಥ ಸದ್ದು ಕೇಳಿಸಿತು. ಮಾಲೀಕರಾದ ಸುಕೇಶ್ ಶೆಟ್ಟರಿಗೆ ಫೋನ್ ಮಾಡಿದೆ.

“ಶೆಟ್ರ, ಅಡಿಗಿಮನ್ಯಾಗ ಯಾರರ ಅದಾರೇನ್ರಿ?”

“ಅಡಿಗೆಮನೆ ಬೀಗದ ಕೈ ನನ್ನ ಹತ್ರವೇ ಉಂಟು, ಮುಜಾಹಿದ್. ಗ್ಯಾಸೂ ಬಂದ್.”

ಸದ್ದು ಮೆಟ್ಟಿಲು ಹತ್ತಿ ಬಂದು ಬೆನ್ನ ಹಿಂದೆ ನಿಂತಿತು. ತಿರುಗಿ ನೋಡಲೂ ಆಗದಷ್ಟು ದಣಿದಿದ್ದೆ; ಕಣ್ಣು ಮುಚ್ಚಿದೆ. ತೆರೆದಾಗ ಮೇಜಿನ ಮೇಲೆ ಲೋಟ ಇಟ್ಟು ತೆಗೆದಂಥ ಒದ್ದೆ ಉಂಗುರವಿತ್ತು. ಬೆರಳಿಟ್ಟು ನೋಡಿದೆ, ಇನ್ನೂ ಬಿಸಿಯಾಗಿತ್ತು.