ಹೆಚ್ಚುವರಿ ಟೀಚರ್

ಬೋರ್ಡಿನ ಮೇಲೆ ಭಾಗಾಕಾರದ ಲೆಕ್ಕ ಬರೆಯುತ್ತಿದ್ದ ಗೌರಾಂಬ ನಿಂತಲ್ಲೇ ತೂಕಡಿಸಿದಳು. ಪಕ್ಕದ ಬೋರ್ಡಿನ ಚನ್ನಕೇಶವ ಮೇಷ್ಟ್ರ ಕಣ್ಣಿಗೆ ಅದು ಬಿತ್ತು. ಬೀಳದೆ ಏನು, ಅವಳು ಕೆಂಪಾಪುರದ ಶಾಲೆಗೆ ಬಂದಾಗಿನಿಂದ ಆ ಕಣ್ಣುಗಳಿಗೆ ಬೇರೆ ಕೆಲಸವೇ ಇರಲಿಲ್ಲ.

ಒಂದು ಕೋಣೆ, ನಾಲ್ಕು ಕ್ಲಾಸು, ಪಾಠಕ್ಕೆ ಇವರಿಬ್ಬರೇ. ಮಧ್ಯಾಹ್ನದ ಉಪ್ಪಿಟ್ಟೂ ಅವರದೇ ತಲೆನೋವು. ಎಂಬತ್ತೊಂದರಲ್ಲಿ ಜನಗಣತಿಯೂ ಕೊರಳಿಗೆ ಬಿತ್ತು. ಶಾಲೆ ಬಿಟ್ಟ ಮೇಲೆ ಗೌರಾಂಬ ಮನೆಮನೆ ಸುತ್ತಬೇಕು, ಹೆಬ್ಬಾಳದವರೆಗೆ ನಡೆದು ಬಸ್ ಹಿಡಿಯಬೇಕು, ಗಂಗಾನಗರದಲ್ಲಿ ಹಾಸಿಗೆ ಹಿಡಿದ ತಾಯಿಗೆ ಗಂಜಿ ಕಾಯಿಸಬೇಕು. ಸರ್ಕಾರಕ್ಕೆ ಟೀಚರ್ ಎಂದರೆ ಯಾವ ಗಾಡಿಗಾದರೂ ಕಟ್ಟಬಹುದಾದ ಎತ್ತು.

"ಉಪ್ಪಿಟ್ಟಿನ ರೂಮಲ್ಲಿ ಸ್ವಲ್ಪ ಮಲಗಿ ಟೀಚರ್. ನಾನು ನೋಡ್ಕೋತೀನಿ."

"ನಾಲ್ಕೂ ಕ್ಲಾಸಾ? ನಿಮಗೇನು ನಾಲ್ಕು ಬಾಯಾ?"

"ಕಣ್ಣು ಎರಡಿದೆಯಲ್ಲ. ಅವು ನಿಮ್ಮ ಕಡೆ ತಿರುಗ್ದೇ ಇದ್ರೆ ಪಾಠ ಚೆನ್ನಾಗೇ ನಡೆಯುತ್ತೆ."

ಗದರಬೇಕೆಂದುಕೊಂಡ ಗೌರಾಂಬ ನಕ್ಕುಬಿಟ್ಟಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಆಮೇಲೆ ಅದೇ ರೂಢಿಯಾಯಿತು. ಎದ್ದು ಬಂದಾಗ ತಲೆಗಿಟ್ಟುಕೊಂಡ ಗೋಣಿಚೀಲದ ಗೆರೆಗಳು ಅವಳ ಕೆನ್ನೆಯ ಮೇಲೆ ಮೂಡಿರುತ್ತಿದ್ದವು. ಅವನು ನೋಡುತ್ತಿದ್ದ, ಅವಳು ಒರೆಸಿಕೊಳ್ಳುತ್ತಿದ್ದಳು. ಉಪ್ಪಿಟ್ಟಿನ ತಳದ ಗರಿಗರಿ ಚಕ್ಕೆ ತಪ್ಪದೆ ಅವನ ತಟ್ಟೆಗೇ ಬರುತ್ತಿತ್ತು. ಗಣತಿ ಮುಗಿದು ಅವಳು ಉಸಿರಾಡುವಂತಾಗಲಿ, ಮದುವೆಯ ಮಾತು ಆಗ ಎತ್ತೋಣ ಎಂದು ಚನ್ನಕೇಶವ ಕಾದ.

ಅಷ್ಟರಲ್ಲಿ ಒಂದು ದಿನ ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರು ಹೇಳದೆ ಕೇಳದೆ ಬಂದರು. ಗೌರಾಂಬ ಒಳಗೆ ನಿದ್ದೆಯಲ್ಲಿದ್ದಳು. ನಿಜ ಹೇಳಿದರೆ ಅವಳಿಗೆ ಮೆಮೋ ಗ್ಯಾರಂಟಿ.

"ಇನ್ನೊಬ್ರೆಲ್ಲಿ?"

"ಗಣತಿಗೆ ಹೋಗಿದಾರೆ ಸಾರ್."

"ಒಬ್ರೇ ನಿಭಾಯಿಸ್ತೀರಾ?"

ಮಕ್ಕಳು ಆಗಷ್ಟೇ ಮಗ್ಗಿಯನ್ನು ಪಟಪಟನೆ ಒಪ್ಪಿಸಿದ್ದರು. ಮೇಷ್ಟ್ರ ಎದೆ ಉಬ್ಬಿತ್ತು, ನಾಲಗೆ ಸುಮ್ಮನಿರಲಿಲ್ಲ. "ಏನೂ ತೊಂದ್ರೆ ಇಲ್ಲ ಸಾರ್. ದಿನಾ ನಡೆಯುತ್ತೆ."

ಸಾಹೇಬರು ಬೆನ್ನು ತಟ್ಟಿ ಹೋದರು. ಸಂಜೆ ಇದನ್ನು ಕೇಳಿ ಅವಳೂ ನಕ್ಕಳು.

ಗಣತಿ ಮುಗಿಯಿತು, ಆರ್ಡರ್ ಬಂತು. ಕೆಂಪಾಪುರಕ್ಕೆ ಒಬ್ಬರೇ ಸಾಕು, ಗೌರಾಂಬ ಹೆಚ್ಚುವರಿ. ಅವಳನ್ನು ಆನೇಕಲ್ಲಿನ ಆಚೆಯ ಹಳ್ಳಿಗೆ ಹಾಕಿದ್ದರು. ದಿನಾ ಹೋಗಿ ಬರುವ ದೂರವಲ್ಲ. ಕಾಯಿಲೆಯ ತಾಯಿಯನ್ನು ಕಟ್ಟಿಕೊಂಡು ಮನೆಯನ್ನೇ ಎತ್ತಬೇಕಿತ್ತು.

ಅವಳು ಕೊನೆಯ ಸಲ ಬಂದ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಚನ್ನಕೇಶವ ಮಾತು ಹುಡುಕಿದ. "ಕೆಲಸ ಬಿಟ್ಬಿಡಿ ಗೌರಾ. ಮದುವೆ ಆಗೋಣ. ನಿಮ್ಮಮ್ಮನ್ನೂ ನಾನೇ ನೋಡ್ಕೋತೀನಿ."

"ಮತ್ತೆ ನೀವೇ ನೋಡ್ಕೋತೀರಾ?" ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು. "ನನಗಿರೋದು ಇದೊಂದು ಕೆಲಸ. ಸುಸ್ತಾಗ್ತಿತ್ತು, ನಿಜ. ಬೇಡ ಅಂತ ಯಾವತ್ತಾದ್ರೂ ಹೇಳಿದ್ನಾ?"

"ನಿಮ್ಮ ಮೇಲಿನ ಪ್ರೀತಿಗೇ ಅಲ್ವಾ ಎಲ್ಲಾ ಮಾಡಿದ್ದು."

"ಗೊತ್ತು. ನನಗೂ ಇತ್ತು. ಈ ಮಾತನ್ನ ನೀವು ಗಣತಿ ನಡೀತಿದ್ದಾಗ ಕೇಳಿದ್ರೂ ಹೂಂ ಅಂತಿದ್ದೆ." ಅವಳು ಚೀಲ ಹೆಗಲಿಗೇರಿಸಿದಳು. "ನಾನಿಲ್ದೇ ಆಗಲ್ಲ ಅಂತ ಆವತ್ತು ಸಾಹೇಬರ ಮುಂದೆ ಹೇಳ್ಬೇಕಿತ್ತು ಮೇಷ್ಟ್ರೇ. ನನ್ನ ಮುಂದೆ ಈಗ ಹೇಳಿ ಏನು ಬಂತು?"

ಅವಳು ಹೆಬ್ಬಾಳದ ಕಡೆ ನಡೆದಳು, ತಿರುಗಿ ನೋಡಲಿಲ್ಲ. ಅವನಿಗೆ ಹಿಂದೆಯೇ ಓಡಬೇಕೆನ್ನಿಸಿತು. ಒಳಗೆ ನಾಲ್ಕು ಕ್ಲಾಸಿನ ಮಕ್ಕಳು ಒಟ್ಟಿಗೆ ಗಲಾಟೆ ಎಬ್ಬಿಸಿದ್ದರು. ಅವರನ್ನು ಬಿಟ್ಟು ಹೋಗಲು ಶಾಲೆಯಲ್ಲಿ ಇನ್ನೊಬ್ಬರು ಇರಲಿಲ್ಲ.