ಭಾನುವಾರ ಬರುವ ಗಂಡ

ಕನಕಪುರದ ಆ ಕಟ್ಟಡಕ್ಕೆ ಇರುವುದು ಒಂದೇ ಮೆಟ್ಟಿಲ ಸಾಲು. ಮೊದಲ ಮಹಡಿಯಲ್ಲಿ ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಲೇಡಿ ಡಾಕ್ಟರು, ಎರಡನೆಯದರಲ್ಲಿ ಕೌನ್ಸೆಲರ್ ಸಾಬೀರ್ ಸರ್. ನಾವಿಬ್ಬರೂ ಎರಡನೆಯ ಮಹಡಿಯಿಂದ ಇಳಿದು ಬರುತ್ತಿದ್ದೆವು. ಕೆಳಗೆ ನಿಂತಿದ್ದ ಕಾವೇರಮ್ಮ ನೋಡಿದ್ದು ಮಾತ್ರ ಮೊದಲನೆಯದರ ಬೋರ್ಡನ್ನು.

ಕಾವೇರಮ್ಮ ಚನ್ನಪಟ್ಟಣದಲ್ಲಿ ನಮ್ಮದೇ ಬೀದಿಯವರು. ಅಕ್ಕನ ಮನೆಗೆಂದು ಕನಕಪುರಕ್ಕೆ ಬಂದವರು ನಮ್ಮ ಕಣ್ಣಿಗೇ ಬೀಳಬೇಕೆ?

"ಅಯ್ಯೋ ನಯನಾ, ಇಲ್ಲಿಗೆ ಬತ್ತಿದ್ದೀರಾ? ಒಳ್ಳೆ ಡಾಕ್ಟ್ರು ಕಣವ್ವ. ನಮ್ಮಕ್ಕನ ಸೊಸೆಗೆ ಇವ್ರ ಕೈಗುಣದಲ್ಲೇ ಆಗಿದ್ದು. ಮೂರು ವರ್ಸ ಆಯ್ತಲ್ವಾ ನಿಮ್ ಮದ್ವೆಯಾಗಿ?"

ನಾನು ಸಿದ್ಧಾರ್ಥನ ಮುಖ ನೋಡಿದೆ. ಒಂದು ಮಾತು ಸಾಕಿತ್ತು. ಅವನು ತನ್ನ ಚಪ್ಪಲಿ ನೋಡಿಕೊಂಡು, "ಹೂಂ ಕಣತ್ತೆ" ಅಂದ. ಅಲ್ಲಿಗೆ ನನ್ನ ಹಣೆಬರಹ ಬೀದಿಪಾಲಾಯಿತು.

ಸಿದ್ಧಾರ್ಥ ನನ್ನ ಗಂಡ. ಎದುರಿಗೆ 'ರೀ', 'ನೀವು' ಎನ್ನುತ್ತೇನೆ. ಇಲ್ಲಿ ಅವನು ಎಂದೇ ಬರೆಯುತ್ತೇನೆ, ಅಷ್ಟು ಹಕ್ಕನ್ನು ಸಂಪಾದಿಸಿದ್ದೇನೆ. ಮರ ತಿರುಗಿಸಿ ಗೊಂಬೆ ಮಾಡುವ ಲೇತ್ ಶೆಡ್ಡು ಅವನದು. ಗಿರಗಿರ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಮದುವೆಯ ಹೊಸದರಲ್ಲಿ ನಾನು ಸ್ಕೂಲು ಮುಗಿಸಿ ನೇರ ಅಲ್ಲಿಗೇ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವನು ಓರೆಗಣ್ಣಲ್ಲಿ ನೋಡಿ, "ಟೀಚರಮ್ಮ, ಟಿಕೆಟ್ ತಗೊಂಡ್ರಾ?" ಎನ್ನುತ್ತಿದ್ದ.

"ಆಟ ಚೆನ್ನಾಗಿದ್ರೆ ತಗೋತೀನಿ."

"ಆಟಗಾರ ಹೆಂಗೆ?"

"ಪರವಾಗಿಲ್ಲ. ಮೂಗಿನ ಮೇಲೆ ಬಣ್ಣ ಹತ್ತಿದೆ."

ಅವನು ಒರೆಸಿಕೊಳ್ಳುತ್ತಿರಲಿಲ್ಲ. ನಾನೇ ಸೆರಗಿನಿಂದ ಒರೆಸಲಿ ಎಂದು ಮುಖ ಮುಂದೆ ಚಾಚಿ, ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದ. ಆ ಮುಚ್ಚಿದ ಕಣ್ಣನ್ನು ನಾನು ಎಷ್ಟು ಪ್ರೀತಿಸಿದ್ದೆ ಎಂದು ಈಗ ನೆನೆದರೆ ಸಿಟ್ಟು ಬರುತ್ತದೆ.

ಐದು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ಅವನು ಸ್ನಾನಕ್ಕೆ ಹೋಗಿದ್ದಾಗ ಅವನ ಫೋನಿಗೆ ಯಾವುದೋ ಹೆಣ್ಣಿನ ಮೆಸೇಜು ಬಂತು. ಓದಬಾರದಿತ್ತು, ಓದಿದೆ. ಕೇಳಿದಾಗ ಬರೀ ಕೊಳಕು ವೀಡಿಯೋ ನೋಡುತ್ತೇನೆ ಅಂದ, ನನ್ನ ತಲೆ ಮುಟ್ಟಿ ಅಷ್ಟೇ ಎಂದು ಆಣೆ ಮಾಡಿದ. ವಾರ ಬಿಟ್ಟು ಮತ್ತೆ ಕೇಳಿದೆ. ಗೊತ್ತಿಲ್ಲದವರ ಜೊತೆ ಚಾಟಿಂಗ್ ಇದೆ ಅಂದ. ಇನ್ನೂ ಹತ್ತು ದಿನ ಕಾಡಿಸಿ ಕೇಳಿದೆ. ಹೈವೇ ಬದಿಯ ಲಾಡ್ಜಿಗೆ ಎರಡು ಸಲ ಹೋಗಿದ್ದೆ ಅಂದ. ಪ್ರತಿ ಸಲವೂ ನಾನು ಅಗೆದರೆ ಮಾತ್ರ ಒಂದು ತುಂಡು ನಿಜ ಹೊರಬರುತ್ತಿತ್ತು. ನಾನೊಬ್ಬಳೇ ರಾಮನಗರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡೆ. ಏನೂ ಇಲ್ಲ ಎಂದು ರಿಪೋರ್ಟ್ ಬಂತು. ಆಟೋದಲ್ಲಿ ಕೂತು ಅತ್ತುಬಿಟ್ಟೆ.

ಅವನೂ ಅತ್ತ. ಬಿಡುತ್ತೇನೆ ಎಂದು ಫೋನನ್ನು ನನ್ನ ಕೈಗೆ ಕೊಟ್ಟ, ಎರಡೇ ದಿನಕ್ಕೆ ಇನ್ನೊಂದು ಫೋನ್ ತಂದ. ಬೇಡವೆನಿಸಿದರೂ ಬಿಡಲಾಗದೆ ಒದ್ದಾಡುವ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. ಕೌನ್ಸೆಲರ್ ನಂಬರ್ ಹುಡುಕಿದವಳು ನಾನು. ಚನ್ನಪಟ್ಟಣ ಬೇಡ, ರಾಮನಗರ ಬೇಡ, ಗುರುತಿನವರಿಲ್ಲದ ಕನಕಪುರ ಆಗಲಿ ಎಂದವನು ಅವನು.

ಸಾಬೀರ್ ಸರ್ ಮೆತ್ತಗೆ ಮಾತನಾಡುವ ಮನುಷ್ಯ. "ಇದು ಆಸೆ ಜಾಸ್ತಿ ಆಗಿದ್ದಲ್ಲಮ್ಮ. ಮನಸ್ಸಿಗೆ ಭಯ, ಬೇಜಾರು ಏನೇ ಬಂದ್ರೂ ಇವ್ರಿಗೆ ಓಡಿಹೋಗೋಕೆ ಅದೊಂದೇ ಜಾಗ ಆಗ್ಬಿಟ್ಟಿದೆ. ಸರಿಹೋಗೋಕೆ ಟೈಮ್ ಬೇಕು. ನಡುವೆ ಜಾರೋದೂ ಉಂಟು. ನೀವು ಮಾತ್ರ ಇವ್ರ ಪೊಲೀಸ್ ಆಗ್ಬೇಡಿ."

"ಮತ್ತೆ ಏನಾಗ್ಲಿ ಸರ್?" ಎಂದು ಜೋರಾಗಿಯೇ ಕೇಳಿದೆ.

"ಅದನ್ನ ನೀವೇ ಹೇಳ್ಬೇಕು. ಅವಸರ ಇಲ್ಲ," ಎಂದರು.

ಕಾವೇರಮ್ಮ ಸಿಕ್ಕ ಆ ದಿನ ವಾಪಸ್ ಬರುವ ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ನನ್ನ ವ್ಯಾನಿಟಿ ಬ್ಯಾಗ್ ಕೂತಿತ್ತು. ದಾರಿಯ ಕೈಲಾಂಚದಲ್ಲಿ ಜನ ಹತ್ತಿ ಒತ್ತಾಟವಾದಾಗ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಾಯಿತು. ಅವನ ಭುಜ ನನ್ನ ಭುಜಕ್ಕೆ ತಾಗಿತು. ನನ್ನ ಮೈ ಒಮ್ಮೆ ಹಿಂದೆ ಸರಿಯಿತು, ಮತ್ತೊಮ್ಮೆ ಅಲ್ಲೇ ಇರಲಿ ಎಂದಿತು. ಅವನು ಬೇಕು, ಅವನ ಹತ್ತಿರ ಹೋಗಲು ಹೆದರಿಕೆ. ಮದುವೆಯಾದ ಹೆಂಗಸು ಗಂಡನ ಭುಜಕ್ಕೆ ಹೀಗೆ ಹಂಬಲಿಸುವುದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಮಾರನೆಯ ಬೆಳಿಗ್ಗೆ ಹಾಲು ಕಾಯುವಷ್ಟರಲ್ಲಿ ಸುದ್ದಿ ನಮ್ಮತ್ತೆಯ ಕಿವಿಗೆ ಬಿದ್ದಿತ್ತು. ಅತ್ತೆ ದೊಡ್ಡಲಕ್ಷ್ಮಮ್ಮ ಒರಟು ಮಾತಿನವರು, ಕೆಟ್ಟವರಲ್ಲ.

"ನಂಗ್ಯಾಕೆ ಹೇಳ್ನಿಲ್ಲ ನಯನಾ? ನಿಂಗೆ ತೊಂದ್ರೆ ಐತೆ ಅಂದ್ರೆ ನಾನೇನ್ ನುಂಗ್ತಿದ್ನಾ? ಶನಿವಾರ ಮಳೂರು ಕೃಷ್ಣಂಗೆ ತೊಟ್ಲು ಒಪ್ಸಾನ. ಮಗ ಗೊಂಬೆ ಕೆಲ್ಸದೋನು, ಅಂಗ್ಡೀದ್ ಯಾಕೆ? ಅವ್ನ ಕೈಯಲ್ಲೇ ಮಾಡಿಸ್ತೀನಿ."

ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಮಕ್ಕಳಿಲ್ಲದವರು ಮರದ ಪುಟ್ಟ ತೊಟ್ಟಿಲು ಒಪ್ಪಿಸುವುದು ನಮ್ಮ ಕಡೆಯ ಪದ್ಧತಿ. ಅವತ್ತಿನಿಂದ ಬೀದಿಯ ಹೆಂಗಸರೆಲ್ಲ ನನಗೆ ಡಾಕ್ಟರಾದರು. ಒಬ್ಬರು ಪರಂಗಿ ತಿನ್ನಬೇಡ ಎಂದರು, ಇನ್ನೊಬ್ಬರು ಸ್ಕೂಟಿ ಓಡಿಸಬೇಡ ಎಂದರು. ನನ್ನ ಹೊಟ್ಟೆಯನ್ನು ನೋಡಿ ನಿಟ್ಟುಸಿರು ಬಿಡುವವರನ್ನು ದಾಟಿಕೊಂಡು ನಾನು ಸ್ಕೂಲಿಗೆ ಹೋಗುತ್ತಿದ್ದೆ. ಅವನು ಮಾತ್ರ ಯಾರನ್ನೂ ತಿದ್ದಲಿಲ್ಲ.

ಗುರುವಾರ ಸಂಜೆ ಲೇತಿನ ಹತ್ತಿರ ಹೋದೆ. ಅವನು ತೊಟ್ಟಿಲಿನ ಕಾಲಿಗೆ ಕೆಂಪು ಅರಗು ಹಿಡಿಯುತ್ತಿದ್ದ. ತುಂಬ ಚೆಂದದ ತೊಟ್ಟಿಲು. ಅಷ್ಟು ಚೆಂದ ಇದ್ದುದಕ್ಕೇ ನನಗೆ ಉರಿಯಿತು.

"ನಿಮಗೆ ನಾಚಿಕೆ ಆಗಲ್ವಾ?"

ಅವನು ಮೋಟಾರು ನಿಲ್ಲಿಸಿದ. "ಆಗ್ತೈತೆ. ಅದಕ್ಕೇ ಹೇಳಕ್ಕಾಗ್ತಿಲ್ಲ. ಅವ್ವ ಹಂಗೇ ಅನ್ಕೊಂಡಿರ್ಲಿ ಬಿಡು ನಯನಾ, ಒಂದು ತೊಟ್ಲು ತಾನೆ?"

"ನಾನು ಬಂಜೆ ಅಂತ ಬೀದಿ ತುಂಬಾ ಆಗಿದೆ. ನಿಮ್ಮ ಮರ್ಯಾದೆ ಉಳೀಲಿ ಅಂತ ಐದು ತಿಂಗಳು ಬಾಯಿಮುಚ್ಕೊಂಡಿದ್ದೀನಿ. ಶನಿವಾರ ದೇವಸ್ಥಾನದಲ್ಲಿ ಆ ತೊಟ್ಲು ನನ್ನ ಕೈಯಿಂದ ಒಪ್ಸಿದ್ರೆ, ಅಲ್ಲಿಂದಲೇ ಬೈರಾಪಟ್ಟಣಕ್ಕೆ ಹೋಗ್ತೀನಿ. ಅಪ್ಪನ ಮನೆಗೆ. ಮತ್ತೆ ಬರಲ್ಲ."

"ಹೆದರಿಸ್ತಿದ್ದೀಯಾ?"

"ಇಲ್ಲ. ಹೇಳಿ ಹೋಗ್ತಿದ್ದೀನಿ. ನೀವು ನಂಗೆ ಯಾವತ್ತೂ ಮೊದಲೇ ಏನನ್ನೂ ಹೇಳ್ಲಿಲ್ಲ."

ಅವನ ಮೂಗಿನ ಮೇಲೆ ಬಣ್ಣ ಹತ್ತಿತ್ತು. ಒರೆಸಲಿಲ್ಲ. ಮನೆಗೆ ಬಂದು ನಾಲ್ಕು ಸೀರೆ ಬ್ಯಾಗಿಗೆ ತುಂಬಿದೆ.

ಶನಿವಾರ ಬೆಳಿಗ್ಗೆ ದೇವಸ್ಥಾನದಲ್ಲಿ ಸರದಿ ಉದ್ದ ಇತ್ತು. ನನ್ನ ಕೈಯಲ್ಲಿ ತೊಟ್ಟಿಲು, ಹೆಗಲಲ್ಲಿ ಬ್ಯಾಗು. ಜೊತೆಗೆ ಕಾವೇರಮ್ಮ, ಕರೆಯದಿದ್ದರೂ. ಅತ್ತೆ ಮುಂದೆ ನಿಂತಿದ್ದ ಅಪರಿಚಿತ ಹೆಂಗಸಿಗೆ ಹೇಳುತ್ತಿದ್ದರು: "ನಮ್ ಸೊಸೆಗೆ ಒಸಿ ತೊಂದ್ರೆ ಐತಂತೆ. ನನ್ ಮಗ ದೇವ್ರಂತೋನು, ಒಂದ್ ಮಾತೂ ಅನ್ದೆ ಕನಕಪುರಕ್ಕೆ ಕರ್ಕೊಂಡೋಗಿ ತೋರಿಸ್ತಾವ್ನೆ."

ಇನ್ನು ನಾಲ್ಕೇ ಜನ ಮುಂದಿದ್ದರು. ನಾನು ಅವನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಕರಗಿಬಿಡುತ್ತಿದ್ದೆ.

ಹಿಂದಿನಿಂದ ಎರಡು ಕೈ ಬಂದು ತೊಟ್ಟಿಲನ್ನು ತೆಗೆದುಕೊಂಡವು.

"ಅವ್ವ, ಒಸಿ ಈಚೆ ಬಾ."

ಗೋಡೆ ಬದಿಗೆ ಕರೆದುಕೊಂಡು ಹೋದ. ಕಾವೇರಮ್ಮ ಹಿಂದೆಯೇ ಬಂದರು. ಅವನ ಕಿವಿ ಕೆಂಪಾಗಿತ್ತು, ತೊಟ್ಟಿಲನ್ನು ಎದೆಗೊತ್ತಿ ಹಿಡಿದಿದ್ದ.

"ಕನಕಪುರಕ್ಕೆ ಹೋಗ್ತಿರೋದು ನಯನಂಗಲ್ಲವ್ವ. ನಂಗೆ."

"ನಿಂಗೇನ್ಲಾ ಆಗೈತೆ?"

"ಚಟ. ಕುಡ್ಯೋದಲ್ಲ. ಫೋನಲ್ಲಿ ಗಲೀಜು ನೋಡೋದು, ಕಂಡೋರ್ ಹೆಂಗಸ್ರ ಜೊತೆ ಮಾತು... ಬೇರೆ ಕಡೆಗೂ ಹೋಗಿ ಬಂದಿವ್ನಿ. ಬಿಡ್ಬೇಕು ಅಂದ್ರೂ ಬಿಡಕ್ಕಾಗ್ತಿಲ್ಲ. ಅದಕ್ಕೆ ಕೌನ್ಸೆಲಿಂಗ್ ಮಾಡೋ ಸರ್ ಒಬ್ರವ್ರೆ. ಮಕ್ಕಳ ವಿಷ್ಯ ಅಲ್ವೇ ಅಲ್ಲ. ಇವಳಲ್ಲಿ ಏನೂ ಐಬಿಲ್ಲ."

ಅತ್ತೆಗಿಂತ ಮೊದಲು ಕಾವೇರಮ್ಮ ಮಾತನಾಡಿದರು: "ಮನೇಲಿ ಹೆಂಡ್ತಿ ನೆಟ್ಟಗೆ ನೋಡ್ಕಂಡಿದ್ರೆ ಗಂಡ್ಸು ಯಾಕೆ ಆಚೆ..."

"ಬಾಯ್ಮುಚ್ಚು ಕಾವೇರಿ!" ಅತ್ತೆಯ ದನಿಗೆ ಸರದಿಯ ಜನ ತಿರುಗಿ ನೋಡಿದರು. ಆಮೇಲೆ ಅತ್ತೆ ನನ್ನ ಕಡೆ ಬಂದರು. "ನಿಂಗೆ ಯಾವಾಗಿಂದ ಗೊತ್ತು?"

"ಐದು ತಿಂಗಳು ಅತ್ತೆ."

"ಐದ್ ತಿಂಗ್ಳಿಂದ ಗೊತ್ತಿದ್ದೂ ನನ್ ಕೈಲಿ ಅನ್ಸ್ಕಂಡು ಸುಮ್ಕಿದ್ಯಾ?" ಎಂದವರು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಮಗನ ಮುಖವನ್ನು ನೋಡಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ತೊಟ್ಟಿಲನ್ನು ಅವನ ಕೈಯಿಂದ ಕಿತ್ತುಕೊಂಡು, ಸರದಿಯಲ್ಲಿದ್ದ ಆ ಅಪರಿಚಿತ ಹೆಂಗಸಿಗೆ ಕೊಟ್ಟು ಬಂದರು.

ರಸ್ತೆಗೆ ಬಂದಾಗ ಅವನು ನನ್ನ ಬ್ಯಾಗಿಗೆ ಕೈಚಾಚಿದ. "ಮನೆಗೆ ಹೋಗಾನ?"

ಹೋಗಬೇಕೆನಿಸಿತು. ಅವನು ಹೇಳಿದ್ದು ಸಣ್ಣ ಮಾತಲ್ಲ, ನನಗೆ ಗೊತ್ತು. ಆದರೆ ನಾನು ಸುಸ್ತಾಗಿದ್ದೆ. ಮನೆಗೆ ಹೋದರೆ ಸಂಜೆಯೇ ಫೋನಿಗಾಗಿ ಅವನ ಜೇಬು ತಡಕುತ್ತೇನೆ ಎಂದು ನನಗೇ ಗೊತ್ತಿತ್ತು.

"ಬೈರಾಪಟ್ಟಣಕ್ಕೇ ಹೋಗ್ತೀನಿ ರೀ. ಗುರುವಾರ ಹೇಳಿದ ಹಾಗೆ ಬಿಟ್ಟು ಹೋಗೋದಲ್ಲ. ಸಾಬೀರ್ ಸರ್ ಹೇಳಿದ್ದಕ್ಕೆ ಇವತ್ತು ಉತ್ತರ ಸಿಕ್ತು. ನಾನು ಪೊಲೀಸೂ ಆಗಲ್ಲ, ನಿಮ್ಮ ನರ್ಸೂ ಆಗಲ್ಲ. ನೀವು ಭಾನುವಾರ ಭಾನುವಾರ ನನ್ನ ನೋಡೋಕೆ ಬನ್ನಿ. ಒಂದು ಗಂಟೆ ಕೂತು ಮಾತಾಡಿ ಹೋಗಿ. ನಾನು ಬಾ ಅನ್ನೋ ತನಕ."

"ಎಷ್ಟು ಭಾನುವಾರ?"

"ಗೊತ್ತಿಲ್ಲ."

ಆಟೋ ಹತ್ತಿದೆ. ಅವನು ತಡೆಯಲಿಲ್ಲ. ತಡೆಯಲಿ ಎಂದು ಒಂದು ಮನಸ್ಸು ಹಿಂದೆ ತಿರುಗಿ ನೋಡುತ್ತಲೇ ಇತ್ತು.

ಎಂಟು ದಿನದ ನಂತರದ ಭಾನುವಾರ, ಹನ್ನೊಂದು ಗಂಟೆಗೆ, ಬೈರಾಪಟ್ಟಣದ ನಮ್ಮ ಮನೆಯ ಮುಂದೆ ಅವನ ಬೈಕು ನಿಂತಿತು. ಇಸ್ತ್ರಿ ಮಾಡಿದ ಶರ್ಟು, ನೀರು ಹಾಕಿ ಬಾಚಿದ ತಲೆ. ಮೂರು ವರ್ಷದ ಹಿಂದೆ ಹೆಣ್ಣು ನೋಡಲು ಬಂದಾಗಲೂ ಹೀಗೇ ಬಂದಿದ್ದ. ಅವತ್ತು ನಮ್ಮಿಬ್ಬರನ್ನು ಹಿತ್ತಲಿಗೆ ಹತ್ತು ನಿಮಿಷ ಕಳಿಸಿದ್ದರು. ಏನಾದರೂ ಹೇಳುವುದಿದೆಯಾ ಎಂದು ಕೇಳಿದ್ದೆ. "ಏನೂ ಇಲ್ಲ, ನಂದು ಸಿಂಪಲ್ ಲೈಫು" ಅಂದಿದ್ದ. ನಾನು ನಂಬಿ ನಕ್ಕಿದ್ದೆ.

ಅಪ್ಪ ಅಂಕಯ್ಯನವರು ಅಳಿಯನಿಗೆ ಕುರ್ಚಿ ಹಾಕಿ, ಏನೂ ಕೇಳದೆ ಹೊಲದ ಕಡೆ ಹೋದರು. ನಾನು ಕಾಫಿ ತಂದುಕೊಟ್ಟೆ. ಲೋಟ ಹಿಡಿದುಕೊಂಡು ಕೂತ, ಕುಡಿಯಲಿಲ್ಲ.

"ನೀನು ಕೇಳೋಕ್ಮುಂಚೆ ಹೇಳ್ಬುಡ್ತೀನಿ," ಅಂದ. "ಬುಧವಾರ ಸೋತೆ. ಲೇತ್ ಬಾಗ್ಲು ಹಾಕ್ಕೊಂಡು ಎರಡು ಗಂಟೆ ಫೋನಲ್ಲೇ ಇದ್ದೆ. ಎಲ್ಲಿಗೂ ಹೋಗ್ಲಿಲ್ಲ. ಗುರುವಾರ ಸಾಬೀರ್ ಸರ್‌ಗೆ ಹೇಳ್ದೆ. ನಿಂಗೆ ಹೇಳ್ದೆ ಇರ್ಬೌದಿತ್ತು. ನಿಂಗೆ ಗೊತ್ತಾಗ್ತಿರ್ಲಿಲ್ಲ."

ಲೋಟ ಕಿತ್ತು ಎಸೆಯಬೇಕು ಅನ್ನಿಸಿತು. ಒಂದು ವಾರ ಕೂಡ ಆಗಲಿಲ್ಲವೇ? ಅವತ್ತಿನ ಮಟ್ಟಿಗೆ ಒಂದು ಸುಳ್ಳು ಹೇಳಿದ್ದರೆ ಎಷ್ಟು ಹಾಯಾಗಿರುತ್ತಿತ್ತು! ಕಣ್ಣೀರು ಬಂತು, ಮುಖ ತಿರುಗಿಸಿದೆ. ಅವನು ಸಮಾಧಾನ ಮಾಡಲು ಕೈ ಚಾಚಲಿಲ್ಲ, ಆಣೆ ಮಾಡಲಿಲ್ಲ. ನಾನು ಅಗೆಯದೆ, ಬೆದರಿಸದೆ, ಅಳದೆ ಸಿಕ್ಕ ನಿಜ ಇದೇ ಮೊದಲನೆಯದು ಎಂದು ಹೊಳೆಯಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು.

"ಎದ್ದು ಹೋಗ್ಲಾ?" ಎಂದು ಕೇಳಿದ.

"ಒಂದು ಗಂಟೆ ಅಂದಿದ್ದೆ. ಇನ್ನೂ ಹತ್ತು ನಿಮಿಷ ಆಗಿಲ್ಲ. ಕಾಫಿ ಕುಡೀರಿ."

ಕುಡಿದ. ಅತ್ತೆ ಈಗ ಅವನಿಗೆ ಊಟ ಬಡಿಸುತ್ತಾರೆ, ಮಾತಾಡುವುದಿಲ್ಲ ಅಂದ. ನಾನು ಸ್ಕೂಲಿನ ಪರೀಕ್ಷೆಯ ಸುದ್ದಿ ಹೇಳಿದೆ. ಒಂದು ಸಲ ನಕ್ಕೆವು ಕೂಡ, ಯಾವುದಕ್ಕೆ ಎಂದು ನೆನಪಿಲ್ಲ. ಹನ್ನೆರಡಕ್ಕೆ ಸರಿಯಾಗಿ ಅವನು ಎದ್ದ.

ಬೈಕಿನ ತನಕ ಹೋದೆ. ಅವನು ಕೀ ತಿರುಗಿಸಿ ನನ್ನನ್ನು ನೋಡಿದ. ತಪ್ಪಿಸಿಕೊಳ್ಳದೆ, ನೇರವಾಗಿ, ಕಣ್ಣಲ್ಲಿ ಕಣ್ಣಿಟ್ಟು. ನನ್ನ ಕೆನ್ನೆ ಬಿಸಿಯಾಯಿತು, ಮದುವೆಯಾಗಿ ಮೂರು ವರ್ಷವಾದ ಹೆಂಡತಿ ನಾನು.

"ಮುಂದಿನ್ ವಾರಾನೂ ಹನ್ನೊಂದಕ್ಕೆ ಬರ್ಲಾ?"

"ಹತ್ತಕ್ಕೇ ಬನ್ನಿ," ಅಂದೆ.