ಮೂರು ಬೆರಳಿನ ಚಿತ್ರ

ನನ್ನ ಬಲಗೈ ಕುದಿಯುವ ನೀರಿನಿಂದ ನಾಲ್ಕಂಗುಲ ಮೇಲಿತ್ತು.

ನೀರಿನಲ್ಲಿ ರೇಷ್ಮೆಗೂಡುಗಳು ಉರುಳಾಡುತ್ತಿದ್ದವು. ಬೆಂದ ಹುಳುವಿನ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ನನ್ನ ಮಣಿಕಟ್ಟು ಹಿಡಿದಿದ್ದವನಿಗೆ ಯಾವ ಅವಸರವೂ ಇರಲಿಲ್ಲ.

ರಾಮನಗರದ ಒಂದು ರೀಲಿಂಗ್ ಶೆಡ್ಡು. ಎರಡು ಸಾವಿರದ ಐದರ ಫೆಬ್ರವರಿ. ಬೆಳಿಗ್ಗೆ ಹತ್ತೂವರೆ. ಹಂಚಿನ ಸಂದಿಯಿಂದ ಬಿಸಿಲು ಕೋಲು ಕೋಲಾಗಿ ಹಬೆಯ ಮೇಲೆ ಬೀಳುತ್ತಿತ್ತು. ಬೇರೆ ದಿನವಾಗಿದ್ದರೆ ಅಲ್ಲೇ ನಿಂತು ನೂರು ಚಿತ್ರ ತೆಗೆದುಬಿಡುತ್ತಿದ್ದೆ.

"ಯಾವೂರು?" ಅಂದ.

ಬಾಗಿಲು ಕಾಯುತ್ತಿದ್ದ ಇನ್ನೊಬ್ಬ ಮ್ಯಾಗಝೀನು ಬಿಡಿಸಿ ನನ್ನ ಮುಖಕ್ಕೆ ಹಿಡಿದ. ನಾನೇ ತೆಗೆದ ಚಿತ್ರ. ಎರಡು ಪುಟ ತುಂಬ ಅಚ್ಚಾಗಿತ್ತು. ತಿರುಗುವ ಲೇತಿನಲ್ಲಿ ಕೆಂಪು ಅರಗಿನ ಬುಗುರಿ... ಅದರ ಮೇಲೆ ಒಂದು ಎಡಗೈ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಅಷ್ಟೇ. ಉಳಿದೆರಡು ಇರಬೇಕಾದ ಕಡೆ ಗಂಟುಗಟ್ಟಿದ ಚರ್ಮ. ಕೆಳಗೆ ಸಣ್ಣಕ್ಷರದಲ್ಲಿ, ಚನ್ನಪಟ್ಟಣದ ಬಳಿಯ ಹಳ್ಳಿಯೊಂದರ ಗೊಂಬೆ ಕೆಲಸಗಾರ. ಚಿತ್ರ: ಉದಯಶಂಕರ್.

ಉದಯಶಂಕರ್ ಅಂದರೆ ನಾನು. ಟ್ರಾವೆಲ್ ಫೋಟೋಗ್ರಾಫರ್. ಹದಿನೈದು ವರ್ಷದಿಂದ ಇದೇ ಕಸುಬು. ಜನ ರಜೆಯಲ್ಲಿ ಬಂದು ನೋಡುವ ಜಾಗಗಳಿಗೆ ನಾನು ಮೊದಲೇ ಹೋಗಿ ಬಿಸಿಲಿಗೆ ಕಾಯುತ್ತೇನೆ. ಕರೆಂಟು ಕಂಬ ಬರದ ಹಾಗೆ, ಪ್ಲಾಸ್ಟಿಕ್ ಕವರು ಕಾಣದ ಹಾಗೆ ಫ್ರೇಮು ಕಟ್ಟುತ್ತೇನೆ. ಸಾವನದುರ್ಗ ಹತ್ತಿದ್ದೇನೆ, ಸಂಗಮದಲ್ಲಿ ಕೊರಳುದ್ದ ನೀರಲ್ಲಿ ನಿಂತಿದ್ದೇನೆ. ಆದರೆ ಒಂದು ಚಿತ್ರಕ್ಕಾಗಿ ಯಾರೂ ನನ್ನ ಕೈ ಬೇಯಿಸಲು ಬಂದಿರಲಿಲ್ಲ.

ನಾನಾಗಿಯೇ ಬೋನಿಗೆ ಬಿದ್ದಿದ್ದೆ. ಬಿಡದಿಯ ಒಂದು ರೆಸಾರ್ಟಿನಿಂದ ಅಂತ ಹೇಳಿ ಫೋನು ಬಂದಿತ್ತು. ಬ್ರೋಷರಿಗೆ ರೇಷ್ಮೆ ಬಿಚ್ಚುವ ಚಿತ್ರ ಬೇಕು, ಹತ್ತು ಗಂಟೆಗೆ ಶೆಡ್ಡಿಗೆ ಬನ್ನಿ, ಬಿಸಿಲು ಚೆನ್ನಾಗಿರುತ್ತೆ ಅಂದಿದ್ದರು. ಬಿಸಿಲಿನ ಮಾತು ಆಡಿದರೆ ನಾನು ಎಲ್ಲಿಗಾದರೂ ಹೋಗುತ್ತೇನೆ.

ಗೊತ್ತಿಲ್ಲ ಅಂದೆ. ನೂರು ಹಳ್ಳಿ ಸುತ್ತುತ್ತೇನೆ, ನೆನಪಿರುವುದಿಲ್ಲ ಅಂದೆ.

ಅವನು ನನ್ನ ಕೈಯನ್ನು ನೀರಿಗೆ ಅದ್ದಿದ.

ಎಷ್ಟು ಹೊತ್ತು ಅಂತ ಕೇಳಬೇಡಿ. ಕ್ಯಾಮೆರಾದಲ್ಲಿ ಸೆಕೆಂಡನ್ನು ಸಾವಿರ ಭಾಗ ಮಾಡುವವನು ನಾನು. ಆವತ್ತು ಒಂದು ಸೆಕೆಂಡು ಎಷ್ಟು ದೊಡ್ಡದು ಅಂತ ಗೊತ್ತಾಯಿತು. ಕಿರುಚಿದೆ. ಎರಡನೇ ಸಲ ಅದ್ದಲು ಬಂದಾಗ ಬಾಯಿಬಿಟ್ಟೆ.

"ವಿರೂಪಾಕ್ಷಿಪುರ... ಊರಾಚೆ ಪಂಪ್‌ಹೌಸ್ ಪಕ್ಕದ ಲೇತ್ ಶೆಡ್ಡು."

ಹೇಳಿಬಿಟ್ಟೆ. ಸಿನಿಮಾದಲ್ಲಿ ಹೀರೋಗಳು ಹೇಳುವುದಿಲ್ಲ. ಅವರ ಕೈ ಬೇಯುವುದಿಲ್ಲವಲ್ಲ.

ನನ್ನನ್ನು ರೇಷ್ಮೆ ತ್ಯಾಜ್ಯದ ಹಗ್ಗದಿಂದ ಕಂಬಕ್ಕೆ ಕಟ್ಟಿದರು. ನನ್ನ ಕೈ ಸುಟ್ಟವನು ಜಯಕುಮಾರ, ಬಾಗಿಲಲ್ಲಿದ್ದವನು ಮೆಹಬೂಬ್ ಅಂತ ಅವರ ಮಾತಿನಿಂದ ತಿಳಿಯಿತು. ಶೆಡ್ಡು ಮೆಹಬೂಬನದೇ. ಜಯಕುಮಾರ ಗೂಡಿನ ಚೀಲದ ಹಿಂದಿನಿಂದ ಒಂದು ಮಚ್ಚು ತೆಗೆದು ಟವೆಲಿನಲ್ಲಿ ಸುತ್ತಿಕೊಂಡ. ಹೊರಗೆ ಸುಮೋ ಸ್ಟಾರ್ಟ್ ಆದ ಸದ್ದು ಕೇಳಿತು.

ಪಂಪ್‌ಹೌಸ್ ಪಕ್ಕದ ಆ ಮನುಷ್ಯನ ಹೆಸರು ಗಂಗಹನುಮಯ್ಯ. ಎರಡು ತಿಂಗಳ ಹಿಂದೆ ಸಿಕ್ಕಿದ್ದ. ಕನಕಪುರದ ಕಡೆ ಒಂದು ಗ್ರಾನೈಟ್ ಕ್ವಾರಿಯಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸುವ ಕೆಲಸದಲ್ಲಿದ್ದನಂತೆ. ಅಲ್ಲಿ ನೋಡಬಾರದ್ದನ್ನು ನೋಡಿದೆ, ಸಿಕ್ಕಿದರೆ ಕೊಲ್ಲುತ್ತಾರೆ, ಮುಖ ತೆಗೆಯಬೇಡಿ ಸ್ವಾಮಿ ಅಂತ ಕೈ ಮುಗಿದಿದ್ದ. ಮಾತು ಕೊಟ್ಟಿದ್ದೆ. ಮುಖ ತೆಗೆಯಲಿಲ್ಲ. ಆ ಮೂರು ಬೆರಳು ಬುಗುರಿಯ ಮೇಲೆ ಅಷ್ಟು ಚೆಂದ ಕಾಣುತ್ತಿದ್ದವು, ಕೈ ತೆಗೆದೆ. ಕೈಯೂ ಒಂದು ಮುಖವೇ ಅಂತ ಹೊಳೆಯಲಿಲ್ಲ.

ಪಕ್ಕದ ಒಲೆಯ ಮುಂದೆ ಒಬ್ಬ ಹೆಂಗಸು ಇಷ್ಟು ಹೊತ್ತೂ ತಲೆ ಎತ್ತದೆ ನೂಲು ಎಳೆಯುತ್ತಿದ್ದಳು. ಮೆಹಬೂಬನ ಹೆಂಡತಿ ಮುನ್ನೀ. ಸುಮೋ ಸದ್ದು ದೂರವಾದ ಮೇಲೆ ಎದ್ದು ಬಂದು ಕುಡುಗೋಲಿನಿಂದ ಹಗ್ಗ ಕೊಯ್ದಳು. ನನ್ನ ಕೈಯನ್ನು ತಣ್ಣೀರಿನ ಬಕೆಟ್ಟಿಗೆ ಇಳಿಸಿದಳು. ಒದ್ದೆ ಬಟ್ಟೆ ಸುತ್ತಿದಳು. ಹೋಗಿ ತಡೆಯಿರಿ, ನನ್ನ ಗಂಡ ಜೈಲಿಗೆ ಹೋಗಬಾರದು ಅಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು.

"ಜಯಣ್ಣ ಕೆಟ್ಟೋರಲ್ಲ ಸಾಬ್."

ನಾನು ನನ್ನ ಕೈ ನೋಡಿಕೊಂಡೆ. ಚರ್ಮ ಹಾಲಿನ ಕೆನೆಯ ಹಾಗೆ ಸುಕ್ಕಾಗಿತ್ತು. ವಾದ ಮಾಡಲು ಟೈಮಿರಲಿಲ್ಲ.

ಕ್ಯಾಮೆರಾ ಬ್ಯಾಗು, ಟ್ರೈಪಾಡು ಹೆಗಲಿಗೆ. ನನ್ನ ಹೀರೋ ಹೋಂಡಾ ಹೊರಗೇ ಇತ್ತು. ಬೈಕಿನ ಆಕ್ಸಿಲರೇಟರು ಬಲಗೈಗೇ ಯಾಕಿದೆ ಅಂತ ಅವತ್ತಿನವರೆಗೆ ಯೋಚಿಸಿರಲಿಲ್ಲ. ಒಂದೊಂದು ಸಲ ತಿರುಗಿಸಿದಾಗಲೂ ಕಣ್ಣು ಕತ್ತಲೆ ಬರುತ್ತಿತ್ತು.

ಮೈಸೂರು ರಸ್ತೆ ಅಗಲ ಮಾಡುತ್ತಿದ್ದ ಕಾಲ ಅದು. ಚನ್ನಪಟ್ಟಣ ಮುಟ್ಟುವವರೆಗೂ ಅಗೆದ ಮಣ್ಣು, ನಿಂತ ಲಾರಿ. ಸುಮೋ ಅದರಲ್ಲೇ ಹೋಗಿತ್ತು. ನಾನು ಕೈಲಾಂಚದ ಕಡೆ ತಿರುಗಿಸಿದೆ. ಹಿಪ್ಪುನೇರಳೆ ತೋಟದ ನಡುವೆ ಗಾಡಿ ಜಾಡು, ಕೆರೆ ಏರಿ, ಮತ್ತೆ ಜಾಡು. ಸೂರ್ಯ ಹುಟ್ಟುವ ಚಿತ್ರಕ್ಕಾಗಿ ಸುತ್ತಿ ಸುತ್ತಿ ಕಲಿತ ದಾರಿಗಳು. ಎರಡು ಸಲ ಬಿದ್ದೆ. ಎರಡನೇ ಸಲ ಬಟ್ಟೆಯ ಜೊತೆ ಅಂಗೈಯ ಚರ್ಮವೂ ಕಿತ್ತು ಬಂತು.

ಐದು ನಿಮಿಷ ಮುಂಚೆ ತಲುಪಿದೆ.

ಗಂಗಹನುಮಯ್ಯ ಲೇತಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ನನ್ನನ್ನು ನೋಡಿ ನಕ್ಕ. ಕೈ ನೋಡಿದ ಮೇಲೆ ನಗು ನಿಂತಿತು. ಓಡು ಅಂದೆ. ನಿನ್ನ ಊರು ಹೇಳಿಬಿಟ್ಟೆ, ಬರುತ್ತಿದ್ದಾರೆ, ಬೈಕು ಹತ್ತು ಅಂದೆ. ಅವನು ಲೇತು ಆರಿಸಿದ. ಅರಗಿನ ಕಡ್ಡಿಯನ್ನು ಡಬ್ಬಕ್ಕೆ ಹಾಕಿದ. ಅರ್ಧ ಆಗಿದ್ದ ಬುಗುರಿಯನ್ನು ಒರೆಸಿ ಪಕ್ಕಕ್ಕಿಟ್ಟ. ಎದ್ದು ಮಾತ್ರ ನಿಲ್ಲಲಿಲ್ಲ.

ಬಾಗಿಲಲ್ಲಿ ಸುಮೋ ಬ್ರೇಕು ಹಾಕಿತು.

ಜಯಕುಮಾರ ಮಚ್ಚು ಹಿಡಿದೇ ಇಳಿದ. ನಾನು ಟ್ರೈಪಾಡು ಬೀಸಿ ಅವನ ಮೊಣಕಾಲಿಗೆ ಹೊಡೆದೆ. ಕುಸಿದ. ಮೆಹಬೂಬ್ ಹಿಂದಿನಿಂದ ಬಂದು ನನ್ನ ಕತ್ತು ಸುತ್ತಿದ. ಅವನ ಪಕ್ಕೆಗೆ ಮೊಣಕೈ ಕೊಟ್ಟು ಬಿಡಿಸಿಕೊಳ್ಳುವಷ್ಟರಲ್ಲಿ ಜಯಕುಮಾರ ಎದ್ದಿದ್ದ. ಮಚ್ಚು ಗಂಗಹನುಮಯ್ಯನ ಎಡಭುಜಕ್ಕೆ ಇಳಿಯಿತು. ಬಿಳಿ ಮರದ ಹೊಟ್ಟಿನ ಮೇಲೆ ರಕ್ತ ಚಿಮ್ಮಿತು. ಜಯಕುಮಾರ ಎರಡನೇ ಏಟಿಗೆ ಕೈ ಎತ್ತಿದ. ನಾನು ಟ್ರೈಪಾಡನ್ನು ಅವನ ತಲೆಗೆ ಗುರಿ ಇಟ್ಟು ಎತ್ತಿದೆ. ಮಂಡೆ ಒಡೆಯಲೆಂದೇ ಎತ್ತಿದ್ದೆ.

"ಹೊಡೀಬ್ಯಾಡಿ ಸಾರ್," ಅಂದ ಗಂಗಹನುಮಯ್ಯ. "ಬತ್ತಿ ಹಚ್ದೋನು ನಾನೇ."

ಎಲ್ಲರೂ ಹಾಗೇ ನಿಂತುಬಿಟ್ಟೆವು.

ಅವನು ಭುಜ ಹಿಡಿದುಕೊಂಡು ಹೇಳಿದ. ಎರಡು ವರ್ಷದ ಹಿಂದೆ ಕ್ವಾರಿಗೆ ಇನ್‌ಸ್ಪೆಕ್ಷನ್ ಬರುವ ದಿನ. ಅವರು ಬರುವುದರೊಳಗೆ ಬಂಡೆ ಸಿಡಿಯಬೇಕು ಅಂತ ಮಾಲೀಕ ಅನಂತರಾಜು ಅವಸರ ಮಾಡಿದ. ಗುಂಡಿಯೊಳಗೆ ನಾಲ್ಕು ಜನ ಬುತ್ತಿ ಬಿಚ್ಚಿ ಕೂತಿದ್ದರು. ಅವರೆಲ್ಲ ಮೇಲೆ ಬಂದಾಯಿತು, ಬತ್ತಿ ಹಚ್ಚು ಅಂತ ಅನಂತರಾಜು ಸುಳ್ಳು ಹೇಳಿದ. ಇವನು ಬಗ್ಗಿ ನೋಡಬೇಕಿತ್ತು. ನೋಡಲಿಲ್ಲ. ಹಚ್ಚಿದ. ಧೂಳು ಇಳಿಯುವ ಮೊದಲೇ ಜೆಸಿಬಿ ಬಂದು ಕಲ್ಲುಪುಡಿಯನ್ನು ಅವರ ಮೇಲೆ ತಳ್ಳಿತು. ಮಾರನೇ ದಿನ ನಾಲ್ವರೂ ಕೆಲಸ ಬಿಟ್ಟು ಓಡಿಹೋದರು ಅಂತ ಅನಂತರಾಜು ಸುದ್ದಿ ಹಬ್ಬಿಸಿದ. ಮೂವರು ಧರ್ಮಪುರಿ ಕಡೆಯವರು, ಕೇಳಲು ಯಾರೂ ಬರಲಿಲ್ಲ. ನಾಲ್ಕನೆಯವನು ಕೂಟಗಲ್ಲಿನ ಹುಡುಗ, ಬೋರಲಿಂಗ.

ಜಯಕುಮಾರನ ತಮ್ಮ.

ಜಯಕುಮಾರ ಬಿಡದಿಯ ಆ ರೆಸಾರ್ಟಿನಲ್ಲಿ ಡ್ರೈವರು. ಗಿರಾಕಿಗೆ ಕಾಯುತ್ತ ಕೂತಾಗ ಆ ಮ್ಯಾಗಝೀನು ಕಣ್ಣಿಗೆ ಬಿದ್ದಿತ್ತು. ಒಮ್ಮೆ ಕ್ವಾರಿಗೆ ಹೋಗಿದ್ದಾಗ ತಮ್ಮನ ಕೈಯಿಂದ ಬೀಡಿ ಇಸಿದುಕೊಂಡ ಮೂರು ಬೆರಳು... ಮರೆತಿರಲಿಲ್ಲ. ತಮ್ಮನ ಜೊತೆಗೇ ಆ ಬೆರಳಿನವನೂ ಕ್ವಾರಿಯಿಂದ ಮಾಯವಾಗಿದ್ದ, ಕೊಂದವನು ಇವನೇ ಅಂತ ಲೆಕ್ಕ ಹಾಕಿದ್ದ.

ಮೊದಲೇ ಹೇಳಬಹುದಿತ್ತಲ್ಲ ಮಾರಾಯ ಅಂದೆ ಅವನಿಗೆ.

"ಎರಡು ವರ್ಸದಿಂದ ಎಲ್ಲಾರ್ಗೂ ಹೇಳ್ದೆ," ಅಂದ. "ಯಾವನ್ ಕೇಳುದ್ನು? ಸ್ಟೇಷನ್ನಲ್ಲಿ ಕೂರಕ್ಕೂ ಬುಡ್ನಿಲ್ಲ."

ನಂತರ ಗಂಗಹನುಮಯ್ಯನ ಕಡೆ ತಿರುಗಿದ. ಮಚ್ಚು ಇನ್ನೂ ಕೈಯಲ್ಲಿತ್ತು. ಧ್ವನಿ ಮಾತ್ರ ಒಡೆದಿತ್ತು.

"ಎಲ್ಲವ್ನೆ ನನ್ ತಮ್ಮ?"

"ತೋರುಸ್ತೀನಿ ಕಣಪ್ಪ. ಆಮೇಕೆ ಕಡ್ಕೊ."

ಅವನ ಭುಜಕ್ಕೆ ನನ್ನ ಟೀ ಶರ್ಟು ಹರಿದು ಕಟ್ಟಿದೆವು. ನಾಲ್ವರೂ ಅದೇ ಸುಮೋ ಹತ್ತಿದೆವು. ಕಡಿದವನೂ ಕಡಿಸಿಕೊಂಡವನೂ ಹಿಂದಿನ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಸಾತನೂರು ದಾಟುವಾಗ ಗಂಗಹನುಮಯ್ಯ ನೀರು ಕೇಳಿದ. ಬಾಟಲಿ ಕೊಟ್ಟವನು ಜಯಕುಮಾರ.

ಕ್ವಾರಿಯ ಬೆಟ್ಟ ನನಗೆ ಗೊತ್ತಿತ್ತು. ತೊಂಬತ್ತೆಂಟರಲ್ಲಿ ಅದರ ನೆತ್ತಿಯ ಮೇಲೆ ನಿಂತು ಮಂಜಿನ ಚಿತ್ರ ತೆಗೆದಿದ್ದೆ. ಈಗ ನೆತ್ತಿಯೇ ಇರಲಿಲ್ಲ. ಅರ್ಧ ಮುರಿದ ಮುದ್ದೆಯ ಹಾಗೆ ಕಾಣುತ್ತಿತ್ತು. ಮುಂದಿನ ಗೇಟಿನಲ್ಲಿ ಕಾವಲಿತ್ತು. ಹಿಂದಿನ ಮೇಕೆ ದಾರಿಯಲ್ಲಿ ಹತ್ತಿ ಗುಂಡಿಗೆ ಇಳಿದೆವು. ಹಳೇ ಗುಂಡಿ. ಈಗ ಅಲ್ಲಿ ಕೆಲಸ ನಡೆಯುತ್ತಿರಲಿಲ್ಲ, ಲಂಟಾನ ಬೆಳೆದಿತ್ತು. ಗಂಗಹನುಮಯ್ಯ ಕಲ್ಲುಪುಡಿಯ ಗುಡ್ಡೆಯ ಅಂಚಿಗೆ ಹೋಗಿ ಬೆರಳು ಮಾಡಿ ತೋರಿಸಿದ.

ಸುಮೋದ ಹಾರೆ, ಬಿದ್ದಿದ್ದ ಬಾಂಡಲಿ, ಬರಿಗೈ. ಎರಡು ಗಂಟೆ ಅಗೆದರು. ನಾನು ಎಡಗೈಯಿಂದ ಕ್ಯಾಮೆರಾ ಹಿಡಿದು ತೆಗೆಯುತ್ತಲೇ ಇದ್ದೆ. ಹೊಸದಾಗಿ ಕೊಂಡ ಡಿಜಿಟಲ್ಲು, ಎಡಗೈಗೆ ಎಟುಕದ ಬಟನ್ನು.

ಮೊದಲು ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಚಪ್ಪಲಿ. ಒಳಗೆ ಪಾದದ ಮೂಳೆಗಳಿದ್ದವು. ಆಮೇಲೆ ಒಂದು ಸೊಂಟ, ಅದಕ್ಕೆ ಅಂಟಿದ ಬೆಳ್ಳಿ ಉಡಿದಾರ. ಜಯಕುಮಾರ ಅದನ್ನು ಪಂಚೆಯ ಚುಂಗಿನಿಂದ ಉಜ್ಜಿ ನೋಡಿದ. ನಮ್ಮವ್ವ ಸರಸಮ್ಮ ಮಾಡಿಸಿದ್ದು ಅಂದ. ಅಲ್ಲೇ ಕೂತುಬಿಟ್ಟ.

ಆಗ ಮೇಲಿನಿಂದ ಕಲ್ಲು ಉರುಳಿತು.

ಅನಂತರಾಜು ಇಳಿದು ಬರುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಹಿಂದೆ ಮೂರು ಜನ, ಕೈಯಲ್ಲಿ ಕಬ್ಬಿಣದ ರಾಡು. ಅವನು ಬೈಯಲಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ ಮಾತಾಡಿದ.

"ಫೋಟೋದವ್ರೇ, ಆ ಡಬ್ಬ ಇಲ್ಲಿ ಮಡಗಿ ಹೊಂಟೋಗಿ. ನಿಮ್ಗೂ ನಮ್ಗೂ ಏನೈತೆ?"

ಮುಖ್ಯವಾದ ಚಿತ್ರ ತೆಗೆದ ತಕ್ಷಣ ಮೆಮೊರಿ ಕಾರ್ಡು ಬದಲಿಸುವುದು ಈ ಕಸುಬಿನವರ ಅಭ್ಯಾಸ. ತುಂಬಿದ ಕಾರ್ಡು ಆಗಲೇ ನನ್ನ ಸುಟ್ಟ ಕೈಯ ಬಟ್ಟೆಯೊಳಗಿತ್ತು. ಕ್ಯಾಮೆರಾವನ್ನು ಕಲ್ಲಿನ ಮೇಲೆ ಇಟ್ಟೆ. ಒಬ್ಬ ಅದನ್ನು ರಾಡಿನಿಂದ ಒಡೆದ. ಎರಡನೇ ಏಟು ನನ್ನ ಪಕ್ಕೆಲುಬಿಗೆ ಬಿತ್ತು. ಮೂರನೆಯದು ತಲೆಗೇ ಬರುತ್ತಿತ್ತು, ಜಯಕುಮಾರನ ಮಚ್ಚು ಅಡ್ಡ ಬಂತು. ರಾಡು ಹಿಡಿದ ಕೈ ಮೊಣಕೈಯ ಕೆಳಗೆ ಜೋತಾಡಿತು. ಉಳಿದಿಬ್ಬರು ಜಯಕುಮಾರನ ಮೇಲೆ ಬಿದ್ದರು. ಗಂಗಹನುಮಯ್ಯ ಒಂಟಿ ಕೈಯಲ್ಲೇ ಹಾರೆ ಬೀಸಿ ಒಬ್ಬನ ದವಡೆ ಒಡೆದ. ಆಮೇಲೆ ತಿರುಗಿ ಅನಂತರಾಜುವಿನ ಮಂಡಿಗೆ ಇಟ್ಟ. ಬಂಡೆ ಸೀಳಿದ ಹಾಗೆ ಸದ್ದಾಯಿತು. ಬಿಳಿ ಶರ್ಟು ಕಲ್ಲುಪುಡಿಯಲ್ಲಿ ಹೊರಳಾಡಿತು.

ಮೇಲೆ ಇನ್ನೊಂದು ಜೀಪು ನಿಂತ ಸದ್ದು. ಮೆಹಬೂಬ್ ನನ್ನ ತೋಳು ಹಿಡಿದು ಎಳೆದ. ಅವರಿಬ್ಬರನ್ನೂ ಕರೆದೆ. ಬರಲಿಲ್ಲ. ತಮ್ಮನನ್ನು ಬಿಟ್ಟು ಬರಲ್ಲ ಅಂದ ಜಯಕುಮಾರ. ಗಂಗಹನುಮಯ್ಯ ಅವನ ಬೆನ್ನಿಗೆ ಬೆನ್ನು ಕೊಟ್ಟು ನಿಂತ. ಮೇಕೆ ದಾರಿಯಲ್ಲಿ ಓಡುವಾಗ ಹಿಂದಿನಿಂದ ಏಟಿನ ಸದ್ದು ಕೇಳುತ್ತಲೇ ಇತ್ತು. ಯಾರದ್ದು, ಯಾರಿಗೆ ಅಂತ ತಿರುಗಿ ನೋಡಲಿಲ್ಲ.

ಕನಕಪುರದ ಸೈಬರ್ ಸೆಂಟರಿನಲ್ಲಿ ಕೂತಾಗ ಕೀಬೋರ್ಡಿನ ಮೇಲೆ ರಕ್ತ ಬಿತ್ತು. ಹನ್ನೊಂದು ಚಿತ್ರ, ನಾಲ್ಕು ಪತ್ರಿಕೆಗಳಿಗೆ ಕಳಿಸಿದೆ. ಒಂದೊಂದು ಹೋಗಲು ಐದೈದು ನಿಮಿಷ. ಎಲ್ಲ ಹೋದ ಮೇಲೆ ಪೊಲೀಸರಿಗೆ ಫೋನು ಮಾಡಿದೆ. ಪತ್ರಿಕೆಗಳಿಗೂ ಕಳಿಸಿದ್ದೇನೆ ಅಂದ ಮೇಲೆ ಅವರ ದನಿ ಬದಲಾಯಿತು. ಜೀಪು ಹೊರಟಿತು.

ಇಬ್ಬರೂ ಬದುಕಿದ್ದರು. ಜಯಕುಮಾರನ ಬಲಗಣ್ಣು ಹೋಗಿತ್ತು. ಗಂಗಹನುಮಯ್ಯನಿಗೆ ಮೂರು ಕಡೆ ಮೂಳೆ ಮುರಿದಿತ್ತು. ಒಂಬತ್ತನೇ ದಿನ ಮಾತಾಡುವಂತಾದ ಮೇಲೆ ಹೇಳಿಕೆ ಕೊಟ್ಟ. ತನ್ನ ತಪ್ಪನ್ನೇ ಮೊದಲು ಬರೆಸಿದ. ಜೆಸಿಬಿ ತಂದು ಅಗೆದಾಗ ನಾಲ್ಕೂ ದೇಹ ಸಿಕ್ಕವು. ಸರಸಮ್ಮ ಮಗನನ್ನು ಕೂಟಗಲ್ಲಿನ ತಮ್ಮ ಹೊಲದಲ್ಲಿ ಮಣ್ಣು ಮಾಡಿಸಿದಳು. ನಾನೂ ಹೋಗಿದ್ದೆ. ಕ್ಯಾಮೆರಾ ಒಯ್ದಿರಲಿಲ್ಲ.

ಮೂರು ವರ್ಷವಾಯಿತು. ಗಂಗಹನುಮಯ್ಯ ಒಳಗಿದ್ದಾನೆ. ಜಯಕುಮಾರ ತಿಂಗಳಿಗೊಮ್ಮೆ ಅವನನ್ನು ನೋಡಲು ಹೋಗುತ್ತಾನಂತೆ. ಅನಂತರಾಜು ಜಾಮೀನಿನ ಮೇಲೆ ಹೊರಗಿದ್ದಾನೆ, ಕೋಲೂರಿಕೊಂಡು ಕೋರ್ಟಿಗೆ ಬರುತ್ತಾನೆ. ಶರ್ಟು ಈಗಲೂ ಬಿಳಿಯದೇ.

ಕಳೆದ ವಾರ ನನ್ನ ಸಾಕ್ಷಿಯಿತ್ತು. ಅವನ ವಕೀಲರು ಕನ್ನಡಕ ಏರಿಸಿಕೊಂಡು ನನ್ನ ಕಸುಬೇನು ಅಂತ ಕೇಳಿದರು. ಹೇಳಿದೆ. ಪ್ರವಾಸಿಗಳು ನೋಡುವ ಜಾಗದ ಚಿತ್ರ ತೆಗೆಯುವವರಿಗೆ ಒಬ್ಬರ ಖಾಸಗಿ ಕಲ್ಲುಗುಂಡಿಯಲ್ಲಿ ಏನು ಕೆಲಸವಿತ್ತು ಅಂತ ನಗುತ್ತ ಕೇಳಿದರು.

"ಅದೇ ಕೆಲಸ ಸಾರ್," ಅಂದೆ. "ನೋಡಲೇಬೇಕಾದ ಜಾಗ ಅದು."